ಹೆರಾಲ್ಡಿನ ಹೊಣೆ: ಮೂರನೆಯ ಜೆಟ್

ಯಜ್ಞನಾರಾಯಣರು ಕರವಸ್ತ್ರ ಬಿಡಿಸಿ ಕಾರಿನ ಸೀಟಿನ ಮೇಲೆ ಹಾಸಿದರು. ಅದರ ನಡುವೆ ಪಿತ್ತಳೆಯ ಚಿಕ್ಕದೊಂದು ತುಂಡನ್ನು ಇಟ್ಟರು. ಶರಟಿನ ಗುಂಡಿಗಿಂತ ದೊಡ್ಡದಲ್ಲ.

“ಇಂಜಿನ್ ಕೆಡಿಸಿದ್ದು ಇದು. ಇಷ್ಟೇ ಇಷ್ಟು ಉಂಟು, ನೋಡಿ.”

ಇಂದುಮತಿ ಹತ್ತಿರ ಹೋಗಲಿಲ್ಲ. ಹೆರಾಲ್ಡ್ ಕಾರಿನ ಬಾನೆಟ್ ಇಡಿಯಾಗಿ ಮುಂದಕ್ಕೆ ಮಗುಚಿಕೊಂಡಿತ್ತು. ಆರು ತಿಂಗಳ ಹಿಂದೆ ತಾನೇ ಮಾರಿದ ಕಾರು. ಬಲಗಡೆಯ ಕಿಟಕಿಯ ಅಂಚಿನಲ್ಲಿ ಅಂಗೈಯಗಲ ಬಣ್ಣ ಸವೆದಿತ್ತು. ಗಂಡ ಅನಂತ ಮೊಣಕೈ ಇಡುತ್ತಿದ್ದ ಜಾಗ ಅದು. ಕೊಂಡವರು ಅದಕ್ಕೆ ಮತ್ತೆ ಬಣ್ಣ ಬಳಿಸಿರಲಿಲ್ಲ.

ಕೊಂಡವರು ರತ್ನಾಕರ. ಮೈಸೂರಿನವರು, ಎರ್ನಾಕುಲಂನ ಬ್ಯಾಂಕೊಂದರಲ್ಲಿ ಅಧಿಕಾರಿ. ಫೋರ್ಟ್ ಕೊಚ್ಚಿಯ ಈ ಬಾಡಿಗೆ ಮನೆಯ ತಗಡಿನ ಶೆಡ್ಡಿನಲ್ಲಿ, ಇಸ್ತ್ರಿ ಮಾಡಿದ ಪ್ಯಾಂಟಿಗೆ ಗ್ರೀಸ್ ತಾಗದಂತೆ ಗೋಡೆಯ ಬಳಿ ನಿಂತಿದ್ದರು.

“ನಾನು ಹೇಳಿದ್ದೂ ಅದೇ ತಾನೆ? ಕಂಪನಿಯಿಂದ ಬಂದ ಇಂಜಿನ್ನನ್ನ ಇವರ ಯಜಮಾನರು ಬಿಚ್ಚಿ ಏನೇನೋ ಮಾಡಿದಾರೆ. ಪಿಸ್ಟನ್ ತೂತಾಗಿದೆ. ಮಾರಾಟದ ಪತ್ರದಲ್ಲಿ ಇವರೇ ಕೈಯಾರೆ ಬರೆದಿದಾರಲ್ಲ, ‘ನನ್ನ ಪತಿಯ ಕೈಕೆಲಸದಿಂದ ಒಂದು ವರ್ಷದೊಳಗೆ ಏನೇ ತೊಂದರೆ ಬಂದರೂ ಅದು ನನ್ನ ಹೊಣೆ’ ಅಂತ.”

“ಬರೆದಿದ್ದೇನೆ,” ಎಂದಳು ಇಂದುಮತಿ.

ಹಾಗೆ ಬರೆಯಲು ಯಾರೂ ಹೇಳಿರಲಿಲ್ಲ. ಬರೆಯುವಾಗ ಹೆಮ್ಮೆಯಿತ್ತು. ಅನಂತನ ಕೈ ಮುಟ್ಟಿದ್ದು ಕೆಡುವುದಿಲ್ಲ ಎಂದು ಯಾರಿಗಾದರೂ ಒಮ್ಮೆ ಬರೆದುಕೊಡಬೇಕೆನಿಸಿತ್ತು.

ಏಕೆಂದರೆ ಬೇರೆಯವರು ಅದಕ್ಕೆ ವಿರುದ್ಧವಾಗಿ ಬರೆದಿದ್ದರು. ಕಳೆದ ಡಿಸೆಂಬರಿನ ಹನ್ನೊಂದು, ಮಂಗಳವಾರ, ತಾನು ಕೆಲಸ ಮಾಡುತ್ತಿದ್ದ ತಿರುವನಂತಪುರದ ಸಂಸ್ಥೆಯ ಕಾರ್ಯಾಗಾರದಲ್ಲಿ ಒತ್ತಡದ ಸಿಲಿಂಡರೊಂದು ಸಿಡಿದು ಅನಂತ ಸತ್ತಿದ್ದ. ತನಿಖೆಯ ವರದಿಯಲ್ಲಿ ಕಾರಣಕ್ಕೆ ಒಂದೇ ಸಾಲು: ಕವಾಟ ಜೋಡಿಸಿದವನ ಕೈತಪ್ಪು.

ಕಾರಿನಲ್ಲೂ ಆ ಕೈಯೇ ತಪ್ಪಿದ್ದರೆ, ಆ ಸಾಲನ್ನೂ ನಂಬಬೇಕಾಗುತ್ತಿತ್ತು. ಇಂದುಮತಿ ಕೊಚ್ಚಿಗೆ ಬಂದದ್ದು ಅದಕ್ಕೆ. ರಿಪೇರಿಯ ಖರ್ಚು ಆಮೇಲಿನ ಮಾತು.

“ಇಲ್ಲಿ ಬನ್ನಿಯಮ್ಮ,” ಎಂದು ಯಜ್ಞನಾರಾಯಣರು ಭೂತಗನ್ನಡಿ ಕೊಟ್ಟರು. ಕಾಸರಗೋಡಿನವರು. ಮೂವತ್ತು ವರ್ಷ ವಿಮಾ ಕಂಪನಿಗಳ ಪರವಾಗಿ ಒಡೆದ ಕಾರುಗಳ ಒಡಲು ನೋಡಿ, ಈಗ ಕರೆದವರ ಪರವಾಗಿ ನೋಡುತ್ತಿದ್ದವರು. ಈ ಸಲ ಕರೆದವಳು ಇಂದುಮತಿ. “ಇದಕ್ಕೆ ಜೆಟ್ ಅಂತ ಹೇಳೂದು. ಈ ನಡುವಿನ ತೂತಿನಿಂದಲೇ ಪೆಟ್ರೋಲ್ ಇಂಜಿನ್ನಿಗೆ ಹೋಗೂದು. ಪೆಟ್ರೋಲಿನ ಬೆಲೆ ಏರಿದ ಮೇಲೆ ಜನಕ್ಕೆ ಒಂದು ಮರುಳು ಹಿಡಿದಿದೆ. ತೂತಿಗೆ ಬೆಸುಗೆ ತುಂಬಿಸಿ, ಪುನಃ ಸಣ್ಣದು ಮಾಡಿ ಕೊರೆಯೂದು. ಮೈಲೇಜು ಬರ್ತದೆ. ಹದ ತಪ್ಪಿದರೆ ಇಂಜಿನ್ ಒಳಗೊಳಗೇ ಬೇಯ್ತದೆ.”

ಇಂದುಮತಿ ಗಾಜಿನಲ್ಲಿ ನೋಡಿದಳು. ಬೂದು ಬಣ್ಣದ ಬೆಸುಗೆ. ಅದರಲ್ಲಿ ಒಂದು ತೂತು. ನಡುವಿನಲ್ಲಿರಲಿಲ್ಲ. ಒಂದು ಕಡೆಗೆ ವಾಲಿ, ಅಂಚನ್ನು ಕಚ್ಚಿಕೊಂಡಿತ್ತು.

ಅವಳ ಭುಜ ಸಡಿಲವಾಯಿತು.

“ಇದು ಅವರ ಕೆಲಸ ಅಲ್ಲ.”

“ಹೇಗೆ ಹೇಳ್ತೀರಿ?”

“ಸೊಟ್ಟಗಿದೆ.”

ರತ್ನಾಕರ ನಕ್ಕರು. “ಅದೊಂದು ಸಾಕ್ಷಿಯೇ ಮೇಡಂ?”

ಅವಳು ಕೈಚೀಲದಿಂದ ಕಂದು ರಟ್ಟಿನ ನೋಟುಪುಸ್ತಕ ತೆಗೆದಳು. ಯಜ್ಞನಾರಾಯಣರು ಅದನ್ನು ಆಗಲೇ ನೋಡಿದ್ದರು. ಆದರೂ ರತ್ನಾಕರನಿಗೆ ಕೇಳಲಿ ಎಂದು ಒಂದು ಪುಟ ತೆರೆದು ಓದಿದರು.

“‘ಏಪ್ರಿಲ್ ಹದಿನಾಲ್ಕು. ಕಳಕ್ಕೂಟಂ ಏರು. ಒಂದು, ಎರಡು, ನಾಲ್ಕು: ಹುರಿದ ರವೆ. ಮೂರು: ಸುಣ್ಣ.’ ಇದೆಂತ ಅಮ್ಮ, ಅಡಿಗೆಯ ಪುಸ್ತಕವಾ?”

“ಪ್ಲಗ್ಗಿನ ಬಣ್ಣ.”

ಭಾನುವಾರ ಬೆಳಿಗ್ಗೆ ಇಬ್ಬರೂ ಹೋಗುತ್ತಿದ್ದರು. ಏರಿನ ತುದಿಯಲ್ಲಿ ಅನಂತ ಥಟ್ಟನೆ ಕೀಲಿ ತಿರುಗಿಸಿ ಇಂಜಿನ್ ಆರಿಸುವನು. ಕಾರು ಸದ್ದಿಲ್ಲದೆ ಉರುಳಿ ಪಕ್ಕಕ್ಕೆ ನಿಲ್ಲುವುದು. ಇಂಜಿನ್ನಿನ ನಾಲ್ಕು ಪ್ಲಗ್ಗುಗಳನ್ನು ಬಿಚ್ಚಿ, ಬಿಸಿಯಾಗಿದ್ದಂತೆಯೇ ಒಂದೊಂದನ್ನೂ ಬಟ್ಟೆಯಲ್ಲಿ ಹಿಡಿದು ಅವಳ ಮುಂದೆ ಚಾಚುವನು. ‘ಬಣ್ಣ ಹೇಳು, ಇಂದೂ. ನನಗೆ ಬಣ್ಣಕ್ಕೆ ಮಾತು ಬರಲ್ಲ.’ ಪೆಟ್ರೋಲ್ ಹೆಚ್ಚಾದರೆ ಕಾಡಿಗೆ, ಕಡಿಮೆಯಾದರೆ ಸುಣ್ಣ, ಹದವಾದರೆ ಹುರಿದ ರವೆ. ಅವಳು ಹೇಳಿ, ಅವಳೇ ಬರೆಯುವಳು. ನಾಲ್ಕೂ ರವೆಯಾದ ದಿನ ದಾರಿಯಲ್ಲಿ ಕಾಫಿ.

ಎಂ.ಎಸ್ಸಿ. ಓದಿದವಳು ರವೆ, ಸುಣ್ಣ ಎಂದು ಬರೆದ ಆ ಪುಟಗಳ ಮೇಲೆ ಅವನ ಬೆರಳಿನ ಎಣ್ಣೆಗುರುತುಗಳು ಈಗಲೂ ಇದ್ದವು. ಅವುಗಳ ಮೇಲೆ ತನ್ನ ಬೆರಳಿಡುವುದನ್ನು ಅವಳು ಕೆಲವು ತಿಂಗಳ ಹಿಂದೆ ಬಿಟ್ಟಿದ್ದಳು.

“ಜೆಟ್ ಬದಲಾಯಿಸಿದ್ದು ಇದರಲ್ಲಿ ಎಲ್ಲಾದರೂ ಉಂಟಾ?” ಯಜ್ಞನಾರಾಯಣರು ಕೇಳಿದರು.

“ಇಲ್ಲ. ನಾನು ಬರೆಯದ ಕೆಲಸ ಅವರು ಆ ಕಾರಿಗೆ ಮಾಡಿಲ್ಲ.”

“ಅಂದರೆ ಮಾರಿದ ಮೇಲೆ ಆದದ್ದು. ಏನು ರತ್ನಾಕರ, ನೀವೆಂತಾದರೂ ಮಾಡಿಸಿದಿರಾ?”

“ನಾನಾ? ಕಾರಲ್ಲಿ ಪೆಟ್ರೋಲ್ ಎಲ್ಲಿ ಹಾಕ್ಬೇಕು ಅಂತ ಗೊತ್ತು, ಅಷ್ಟೇ ಕಣ್ರೀ.”

ಅಷ್ಟರಲ್ಲಿ ರತ್ನಾಕರನ ಹೆಂಡತಿ ಮೋಹಿನಿ ತಟ್ಟೆಯಲ್ಲಿ ಪಳಂಪೊರಿ ಇಟ್ಟುಕೊಂಡು ಬಂದರು. ಕರಿದ ಬಾಳೆಹಣ್ಣಿನ ಬಿಸಿ ವಾಸನೆ ಶೆಡ್ಡಿನಲ್ಲಿ ತುಂಬಿತು.

“ತಗೊಳ್ಳಿ, ಆರೋಗತ್ತೆ. ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ ಇಂದುಮತಿ. ಆ ಕಾರನ್ನ ನೀವೇ ವಾಪಸ್ ತಗೊಂಡ್ಬಿಡಿ. ಅದು ಬಂದ ಮೇಲೆ ಒಂದೇ ಒಂದು ದಿನ ಇವರು ನನ್ನ ಅದರಲ್ಲಿ ಕೂರಿಸ್ಕೊಂಡು ಹೋಗಿಲ್ಲ. ಭಾನುವಾರ ಆಯ್ತು ಅಂದ್ರೆ ಒಬ್ರೇ ಹೊರಟ್ರು. ಎಲ್ಲಿಗೆ ಅಂದ್ರೆ ಹೇಳಲ್ಲ. ನಾನು ಬಸ್ಸು, ಕಾರು ಇವರಿಗೆ.”

“ಮೋಹಿನಿ, ಒಳಗೆ ಹೋಗು.”

“ಹೋಗ್ತೀನಪ್ಪ. ಈ ಕಾರು, ನನ್ನ ಸವತಿ, ಇದರ ಮುಂದೆ ನಾನ್ಯಾಕೆ?”

ಅವರು ನಗುತ್ತ ಹೋದರು. ರತ್ನಾಕರ ನಗಲಿಲ್ಲ. ಯಜ್ಞನಾರಾಯಣರು ಪಳಂಪೊರಿ ಅಗಿಯುತ್ತ ಅವರನ್ನೇ ನೋಡಿದರು.

“ಒಬ್ಬರೇ ಎಲ್ಲಿಗೆ ಹೋಗೂದು ಮಾರಾಯ್ರೆ?”

“ಸುಮ್ಮನೆ. ಗಾಳಿಗೆ.” ರತ್ನಾಕರ ಜೇಬಿನಿಂದ ಮಡಿಸಿದ ಒಂದು ಹಾಳೆ ತೆಗೆದರು. “ನೋಡಿ, ನನಗೆ ಜಗಳ ಬೇಡ. ಮೇಡಂ ಒಬ್ಬರೇ ಇದಾರೆ, ಅವರಿಂದ ದುಡ್ಡು ತಗೊಂಡು ನಾನೇನು ಮಾಡ್ಲಿ? ರಿಪೇರಿ ನಾನೇ ಮಾಡಿಸ್ಕೋತೀನಿ. ಇದಕ್ಕೊಂದು ರುಜು ಹಾಕಿಬಿಡ್ಲಿ, ಸಾಕು.”

ಟೈಪು ಮಾಡಿದ ಎರಡು ಸಾಲು. ‘ಇಂಜಿನ್ ಕೆಟ್ಟದ್ದು ನನ್ನ ದಿವಂಗತ ಪತಿಯ ಕೈಕೆಲಸದ ದೋಷದಿಂದಲೇ ಎಂದು ಒಪ್ಪುತ್ತೇನೆ.’

“ನೋಟೀಸು ಕೊಟ್ಟವರು ನೀವು,” ಎಂದರು ಯಜ್ಞನಾರಾಯಣರು. “ಖರ್ಚು ಕೊಡುವವರೂ ನೀವು. ನಿಮಗೆ ಬೇಕಾದದ್ದು ಈ ರುಜು ಮಾತ್ರವಾ?”

“ಬ್ಯಾಂಕಿನ ಸಾಲದ ಕಾರು. ಫೈಲಿಗೆ ಬೇಕು.”

“ಫೈಲಿಗೆ.” ಯಜ್ಞನಾರಾಯಣರು ಕೈ ಒರೆಸಿಕೊಂಡರು. “ಅನಂತನನ್ನು ನೀವು ನೋಡಿದ್ದುಂಟಾ?”

“ಇಲ್ಲ. ಅವರು ನಮ್ಮಣ್ಣನ ಕೈಕೆಳಗೆ ಕೆಲಸ ಮಾಡ್ತಿದ್ರು, ಅಷ್ಟು ಗೊತ್ತು. ಕಾರು ಮಾರಾಟಕ್ಕಿದೆ ಅಂತ ಅಣ್ಣನೇ ಹೇಳಿದ್ದು.”

ಅಣ್ಣನೆಂದರೆ ಉಮಾಮಹೇಶ್ವರ, ಅನಂತನ ವಿಭಾಗದ ಮುಖ್ಯಸ್ಥ. ಮಂಗಳವಾರದ ಆ ಜೋಡಣೆಯನ್ನು ಅನಂತನಿಗೆ ವಹಿಸಿದವರು.

“ಹಾಗಾದರೆ ಒಬ್ಬರನ್ನು ಕರೀತೇನೆ,” ಎಂದು ಯಜ್ಞನಾರಾಯಣರು ಗೇಟಿನ ಕಡೆ ಹೋದರು. “ವರ್ಕಿ, ವಾ!”

ಓಣಿಯಲ್ಲಿ ನಿಂತಿದ್ದ ಟ್ಯಾಕ್ಸಿಯಿಂದ ಅರುವತ್ತರ ಆಸುಪಾಸಿನ ಗಿಡ್ಡ ಮನುಷ್ಯ ಇಳಿದ. ಉಟ್ಟ ಮುಂಡು ಪಂಚೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿದ್ದ. ಉಗುರುಗಳ ಸುತ್ತ ಎಂದೂ ಹೋಗದ ಕಪ್ಪು. ರತ್ನಾಕರ ಗೋಡೆಗೆ ಒರಗಿದರು. ಪ್ಯಾಂಟಿಗೆ ಗ್ರೀಸ್ ಹತ್ತಿದ್ದು ಅವರಿಗೆ ಗೊತ್ತಾಗಲಿಲ್ಲ.

“ಡಿಸೆಂಬರಿನಲ್ಲಿ ಅನಂತ ಸಂಸ್ಥೆಯ ಕೆಲಸಕ್ಕೆ ಅಂಬಲಮುಗಳ್ ರಿಫೈನರಿಗೆ ಬಂದಿದ್ದ ಅಂತ ಹೇಳಿದಿರಲ್ಲ ಅಮ್ಮ? ಮೊನ್ನೆ ಅಲ್ಲಿಯ ಅತಿಥಿಗೃಹಕ್ಕೆ ಹೋಗಿದ್ದೆ. ಹೊರಗೆ ಹೋಗುವವರು ಎಲ್ಲಿಗೆ, ಯಾಕೆ ಅಂತ ಬರೆದು ಹೋಗುವ ಒಂದು ಪುಸ್ತಕ ಉಂಟು ಅಲ್ಲಿ. ಡಿಸೆಂಬರ್ ಎಂಟು, ಶನಿವಾರ: ‘ಫೋರ್ಟ್ ಕೊಚ್ಚಿ, ವರ್ಕಿ ವರ್ಕ್‌ಶಾಪ್, ಕಾರು.’ ಅನಂತನ ಅಕ್ಷರ.”

ಇಂದುಮತಿಗೆ ಅದು ಗೊತ್ತಿರಲಿಲ್ಲ. ಅವನು ಭಾನುವಾರ ಸಂಜೆ ಮನೆಗೆ ಬಂದಿದ್ದ. ಕಾರಿನ ಮಾತೇ ಆಡಿರಲಿಲ್ಲ.

ವರ್ಕಿ ಅವಳನ್ನು ಅಕ್ಕ ಎಂಬಂತೆ ‘ಚೇಚಿ’ ಎಂದು ಕರೆದು ಮಲಯಾಳದಲ್ಲೇ ಮಾತಾಡಿದ. ಆರು ವರ್ಷ ತಿರುವನಂತಪುರದಲ್ಲಿದ್ದ ಅವಳಿಗೆ ಒಂದೊಂದು ಮಾತೂ ತಿಳಿಯಿತು.

“ಚೇಚಿ, ನೀವು ಆ ಸಾರಿನ ಮನೆಯವರಾ?”

“ಹೌದು.”

“ಈ ಜೆಟ್ ಯಾರು ಕೊರೆದದ್ದು, ವರ್ಕಿ?” ಯಜ್ಞನಾರಾಯಣರು ಕೇಳಿದರು.

ವರ್ಕಿ ಕರವಸ್ತ್ರದ ಮೇಲಿದ್ದುದನ್ನು ನೋಡಿದ. ಮುಟ್ಟಲಿಲ್ಲ.

“ಸಾರ್.”

“ಯಾವ ಸಾರ್?”

“ಈ ಚೇಚಿಯ ಸಾರ್. ನನ್ನ ಮೇಜಿನ ಮೇಲೆ, ನನ್ನ ಡ್ರಿಲ್ಲಿನಲ್ಲಿ.”

“ಇಲ್ಲ,” ಎಂದಳು ಇಂದುಮತಿ. “ಅವರ ಕೈ ಹಾಗಲ್ಲ. ಕೂದಲಿನಷ್ಟು ಸಣ್ಣ ತಂತಿಯನ್ನ ಕನ್ನಡಕ ಇಲ್ಲದೆ ಬೆಸೆಯೋರು. ನಾನು ನೋಡಿದೀನಿ. ಪಕ್ಕದಲ್ಲಿ ಕೂತು ನೋಡಿದೀನಿ.”

ವರ್ಕಿ ಮುಂಡಿನ ಮಡಿಕೆಯಿಂದ ಬೆಂಕಿಪೊಟ್ಟಣವೊಂದನ್ನು ತೆಗೆದು, ಅಂಗೈ ಮೇಲೆ ಬಗ್ಗಿಸಿದ. ಇನ್ನೆರಡು ಜೆಟ್‌ಗಳು.

“ಇದು ಮೊದಲನೆಯದು. ಇದು ಎರಡನೆಯದು. ಎಸೆಯಲು ಮನಸ್ಸು ಬರಲಿಲ್ಲ.”

ಭೂತಗನ್ನಡಿ ಬೇಕಾಗಲಿಲ್ಲ. ಮೊದಲನೆಯದರ ತೂತು ಬೆಸುಗೆಯನ್ನು ಸೀಳಿಕೊಂಡು ಹೊರಗೇ ಹೋಗಿತ್ತು. ಎರಡನೆಯದರಲ್ಲಿ ಡ್ರಿಲ್ಲಿನ ಮೊನೆ ಮುರಿದು ಅಲ್ಲೇ ನಿಂತಿತ್ತು.

“ಕೈ ನಡುಗುತ್ತಿತ್ತು ಚೇಚಿ. ಬಲಗೈ. ನಾನು ಮಾಡಿಕೊಡುತ್ತೇನೆ ಸಾರೇ ಅಂದೆ. ಬೇಡ ಅಂದರು. ಮೈಲೇಜಿಗಲ್ಲ ವರ್ಕಿ, ಮಂಗಳವಾರ ನನಗೆ ಇಂಥದೇ ಒಂದು ಕೆಲಸವಿದೆ, ಇದು ನೆಟ್ಟಗೆ ಬಂದರೆ ಅದಕ್ಕೆ ಹೋಗುತ್ತೇನೆ, ಬರದಿದ್ದರೆ ಇಲ್ಲ ಅಂದರು. ಮೂರು ಸಲ ಮಾಡಿದರು. ಆಮೇಲೆ ಸ್ಟೂಲಿನ ಮೇಲೆ ಕೂತು, ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡರು.”

ವರ್ಕಿ ಎರಡೂ ಜೆಟ್‌ಗಳನ್ನು ಕರವಸ್ತ್ರದ ಮೇಲೆ ಮೂರನೆಯದರ ಪಕ್ಕಕ್ಕಿಟ್ಟ.

“ನನ್ನ ಹತ್ತಿರ ಬೇರೆ ಜೆಟ್ ಇರಲಿಲ್ಲ. ಊರಿಗೆ ಹೋಗಿ ಬದಲಾಯಿಸುತ್ತೇನೆಂದು ಮೂರನೆಯದನ್ನೇ ಹಾಕಿಸಿಕೊಂಡರು.”

ಬದಲಾಯಿಸಲು ಅವನಿಗೆ ಎರಡು ದಿನವಿತ್ತು. ಅವಳು ಫೆಬ್ರವರಿಯಲ್ಲಿ ಕಾರು ಮಾರಿದಾಗ ಅದು ಒಳಗೇ ಇತ್ತು.

ಡಿಸೆಂಬರಿನ ಮೊದಲೇ ಅವನು ಎಡಗೈಯಲ್ಲಿ ಕಾಫಿ ಲೋಟ ಹಿಡಿಯತೊಡಗಿದ್ದ. ಬಲಗೈಯಲ್ಲಿ ಪುಸ್ತಕವಿರುತ್ತಿತ್ತು. ಶರಟಿನ ಗುಂಡಿ ಹಾಕಿಕೊಡು ಎಂದು ಅವಳ ಮುಂದೆ ಬಂದು ನಿಲ್ಲುತ್ತಿದ್ದ. ಆರು ವರ್ಷದಲ್ಲಿ ಇಲ್ಲದ ಮುದ್ದು ಎಂದುಕೊಂಡಿದ್ದಳು. ಆ ಬೆಳಗುಗಳಿಗಾಗಿ ಎಂಟು ತಿಂಗಳು ಹಂಬಲಿಸಿದ್ದಳು.

ಭಾನುವಾರಗಳು ನಿಂತದ್ದೂ ಆಗಲೇ. ಪೆಟ್ರೋಲ್ ದುಬಾರಿ ಎಂದಿದ್ದ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ಲಗ್ ಬಿಚ್ಚಲು ಆ ಕೈಗೆ ಆಗುತ್ತಿರಲಿಲ್ಲ.

“ರಿಪೇರಿ ನನ್ನದು,” ಎಂದಳು. ದನಿ ಅವಳಿಗೇ ಬೇರೆಯವರದೆನಿಸಿತು. “ಅವರ ಕೈಕೆಲಸವೇ. ಪತ್ರದಲ್ಲಿರೋ ಹಾಗೆ ನಾನೇ ಕೊಡ್ತೀನಿ. ಪೆನ್ನು ಕೊಡಿ, ರುಜು ಹಾಕ್ತೀನಿ.”

ರತ್ನಾಕರನ ಕೈ ಜೇಬಿಗೆ ಹೋಯಿತು. ಯಜ್ಞನಾರಾಯಣರು ಅಡ್ಡ ಬಂದರು.

“ನಿಲ್ಲಿ ಅಮ್ಮ. ವರ್ಕಿ ಇನ್ನೂ ಮುಗಿಸಲಿಲ್ಲ. ಆಮೇಲೆ ಎಂತಾಯ್ತು, ವರ್ಕಿ?”

“ಬಿಲ್ ಪುಸ್ತಕದಿಂದ ಒಂದು ಹಾಳೆ ಕೇಳಿದರು. ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಬರೆದರು. ತುಂಬ ಹೊತ್ತು. ಈ ಕೈ ಇಟ್ಟುಕೊಂಡು ಆ ಕೆಲಸ ಮಾಡಕೂಡದು, ಬೇರೆಯವರನ್ನು ಹಾಕಿ ಎಂದು ದೊಡ್ಡ ಸಾರಿಗೆ ಬರೆದಿದ್ದೇನೆ ವರ್ಕಿ ಅಂದರು. ಬರೆದು, ಕೂಡ ಬಂದಿದ್ದವರ ಕೈಗೆ ಕೊಟ್ಟರು.”

“ಕೂಡ ಯಾರು ಬಂದಿದ್ದರು?”

ವರ್ಕಿ ರತ್ನಾಕರನ ಕಡೆ ಕೈ ತೋರಿಸಿ ತಲೆ ತಗ್ಗಿಸಿದ. “ಈ ಸಾರ್. ನನ್ನ ಅಂಗಡಿ ತೋರಿಸಿದ್ದೇ ಇವರು.”

ರಸ್ತೆಯಲ್ಲಿ ಮೀನಿನ ಸೈಕಲ್ಲಿನವನು ಕೂಗುತ್ತ ಹೋದ. ಇಂದುಮತಿ ರತ್ನಾಕರನ ಕಡೆ ತಿರುಗಿದಳು.

“ನೋಡೇ ಇಲ್ಲ ಅಂದಿರಲ್ಲ,” ಎಂದಳು ಇಂದುಮತಿ.

“ಅಂದೆ.”

“ಅವರು ನಿಮಗೆ ಕಾಗದ ಕೊಟ್ಟರು.”

“ಕೊಟ್ಟ. ನಾವಿಬ್ಬರೂ ಮೈಸೂರಿನ ಕಾಲೇಜಿನಲ್ಲಿ ಒಂದೇ ಬೆಂಚು. ‘ನಾನೇ ಕೊಟ್ಟರೆ ನಿಮ್ಮಣ್ಣ ನಕ್ಕು ಬೆನ್ನು ತಟ್ಟಿ ಕಳಿಸ್ತಾರೆ ಕಣೋ, ನೀನು ಕೊಡು, ಎದುರಿಗೆ ಕೂತು ಓದಿಸು’ ಅಂದ. ಮಂಗಳವಾರ ನನಗೆ ತಿರುವನಂತಪುರದಲ್ಲಿ ಬ್ಯಾಂಕಿನ ಕೆಲಸ ಇತ್ತು. ಸೋಮವಾರ ರಾತ್ರಿಯೇ ಅಣ್ಣನ ಮನೇಲಿ ಊಟ.”

“ಕೊಟ್ಟಿರಾ?”

ಟೈಪು ಮಾಡಿದ ಹಾಳೆ ರತ್ನಾಕರನ ಕೈಯಲ್ಲೇ ಮುದ್ದೆಯಾಗುತ್ತಿತ್ತು.

“ರತ್ನಾಕರ ಅವರೇ, ಆ ಕಾಗದ ನಿಮ್ಮಣ್ಣನಿಗೆ ಕೊಟ್ಟಿರಾ?”

“ಇಲ್ಲ.”

ಇಂದುಮತಿ ಕಾರಿನ ಬಾಗಿಲು ಹಿಡಿದುಕೊಂಡಳು. ಹಾಗಾದರೆ ಅನಂತ ಹೇಳಿದ್ದ. ಬರೆದು ಹೇಳಿದ್ದ. ಕೈ ತಪ್ಪಿರಬಹುದು, ಮನುಷ್ಯ ತಪ್ಪಿರಲಿಲ್ಲ. ಎಂಟು ತಿಂಗಳಲ್ಲಿ ಮೊದಲ ಬಾರಿಗೆ ಎದೆಯೊಳಗೆ ಏನೋ ಕದಲಿತು.

“ನಿಮ್ಮ ಜೇಬಿನಲ್ಲಿಟ್ಟುಕೊಂಡು ಊಟ ಮಾಡಿ ಬಂದಿರಿ,” ಎಂದಳು. “ಅವರು ಮಾರನೆಯ ದಿನ ಹೋಗಿ…”

“ಕೊಡಬೇಡ ಅಂದ!” ರತ್ನಾಕರ ಕೂಗಿದರು. “ಅವನೇ ಅಂದ ಇಂದುಮತಿ. ಸೋಮವಾರ ಮಧ್ಯಾಹ್ನ ಬ್ಯಾಂಕಿಗೆ ಟ್ರಂಕ್ ಕಾಲ್ ಮಾಡಿದ್ದ. ನಾನು ರೈಲಿಗೆ ಹೊರಡೋಕೆ ಮುಂಚೆ. ‘ಕೈ ಸರಿಯಾಗಿದೆ ಕಣೋ, ಆ ಕಾಗದ ಹರಿದು ಹಾಕು, ಅಣ್ಣನಿಗೆ ಹೇಳ್ಬೇಡ’ ಅಂದ. ನಗ್ತಾ ಇದ್ದ. ನಾನು ನಂಬಿದೆ. ಹರಿದು ಹಾಕಿದೆ. ಆಮೇಲೆ ಮನಸ್ಸು ತಡೀಲಿಲ್ಲ, ಅವನ ಕಾರು ಕೊಂಡು ಭಾನುವಾರ ಭಾನುವಾರ ಒಬ್ಬನೇ ಸುತ್ತಿದೆ. ಅವನ ಕೈಯೇ ಕೆಟ್ಟಿತ್ತು ಅಂತ ನೀವು ಒಂದು ಸಾಲು ಬರೆದುಕೊಟ್ಟಿದ್ದರೆ ನಾನು… ನನಗೆ ನಿದ್ದೆ ಬರ್ತಿತ್ತು.”

“ಒಳ್ಳೆ ಕತೆ,” ಎಂದರು ಯಜ್ಞನಾರಾಯಣರು. “ಸತ್ತವನು ಬಂದು ಅಲ್ಲ ಅನ್ನೂದಿಲ್ಲ. ಕಾಗದವೂ ಇಲ್ಲ, ಕರೆಗೆ ಸಾಕ್ಷಿಯೂ ಇಲ್ಲ. ನಾಳೆಯೇ ತಿರುವನಂತಪುರಕ್ಕೆ ಹೋಗುವ, ಅಮ್ಮ. ಪತ್ರ ಮುಚ್ಚಿಟ್ಟವರು ಇವರು ಅಂತ ವರ್ಕಿಯ ಹೇಳಿಕೆ ಕೊಟ್ಟರೆ ತನಿಖೆ ಪುನಃ ತೆರೆಯಲೇಬೇಕು. ಅನಂತನ ಹೆಸರಿನ ಮುಂದಿನ ಆ ಸಾಲು ಹೋಗ್ತದೆ. ಇವರ ಕೆಲಸವೂ ಹೋಗ್ತದೆ, ಅದು ಬೇರೆ.”

“ನಾನು ಸುಳ್ಳು ಹೇಳ್ತಿಲ್ಲ. ಕಳಕ್ಕೂಟಂ ಪೋಸ್ಟಾಫೀಸಿನಿಂದ ಮಾಡಿದ್ದ. ನೀವು ಹೊರಗೆ ನಿಂತಿದೀರಿ ಅಂತಾನೂ ಹೇಳಿದ.”

ಬಿಸಿಲಿತ್ತು. ಪೋಸ್ಟಾಫೀಸಿನ ಮೆಟ್ಟಿಲಿನ ಮೇಲೆ ಅವಳು ಕೊಡೆ ಬಿಡಿಸಿ ನಿಂತಿದ್ದಳು. ಆಫೀಸಿನ ಒಂದು ಕರೆಯಿದೆ, ಐದು ನಿಮಿಷ ಎಂದು ಅನಂತ ಒಳಗೆ ಹೋಗಿದ್ದ. ಗಾಜಿನ ಹಿಂದೆ ಅವನ ಬೆನ್ನು ಕಾಣುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ, ನಗು ಕೇಳಿಸಿತ್ತು. ಹೊರಗೆ ಬಂದವನು ಅವಳ ಕೈಯಿಂದ ಕೊಡೆ ತೆಗೆದುಕೊಂಡ. ಬಲಗೈಯಲ್ಲಿ. ದಾರಿಯುದ್ದಕ್ಕೂ ಕೊಡೆಯ ನೆರಳು ಅವಳ ಮೇಲೆ ಅಲುಗಾಡುತ್ತಿತ್ತು. ಗಾಳಿ ಎಂದುಕೊಂಡಿದ್ದಳು.

ಗಾಳಿ ಇರಲಿಲ್ಲ.

ಕೈ ಸರಿಯಾಗಿರದೆ ಅವನು ಅಂಥ ಕರೆ ಮಾಡಿದ್ದೇಕೆ? ಭಾನುವಾರ ಸಂಜೆಯಿಂದ ಸೋಮವಾರ ಮಧ್ಯಾಹ್ನದೊಳಗೆ ಅವನ ಜೊತೆ ಇದ್ದವಳು, ಆ ಕೈ ಎಂದೂ ತಪ್ಪದೆಂದು ನಂಬಿದ್ದ ಅವಳೊಬ್ಬಳೇ.

ವರ್ಕಿ ಜೆಟ್‌ಗಳನ್ನು ಒಂದೊಂದಾಗಿ ಬೆಂಕಿಪೊಟ್ಟಣಕ್ಕೆ ಹಾಕುತ್ತಿದ್ದ. ರತ್ನಾಕರ ಅವಳ ಮುಖವನ್ನೇ ನೋಡುತ್ತಿದ್ದರು. ಕೇಳುವಂತಿದ್ದ ಆ ಕಣ್ಣುಗಳಲ್ಲಿ ಕಪಟವಿರಲಿಲ್ಲ.

“ಇಂದುಮತಿ,” ಯಜ್ಞನಾರಾಯಣರು ಮೊದಲ ಸಲ ಅವಳನ್ನು ಹೆಸರು ಹಿಡಿದು ಕರೆದರು. “ಇದೊಂದು ಸರಿಯಾಗಿ ನೆನಪು ಮಾಡಿ ಹೇಳಿ. ಆ ಸೋಮವಾರ ಅನಂತ ಪೋಸ್ಟಾಫೀಸಿಗೆ ಹೋಗಿದ್ದುಂಟಾ?”

“ಇಲ್ಲ,” ಎಂದಳು ಇಂದುಮತಿ.